ಭಾನುವಾರದ ಪ್ರಶ್ನೋತ್ತರ: ದಿನನಿತ್ಯದ ಮೇಕಪ್, ಮುಖದ ಆರೈಕೆ. ಪಾರ್ಲರ್ ಅಕ್ಕನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 4ರಿಂದ ನಮ್ಮ ಪಾರ್ಲರ್ ಅಕ್ಕ ಗುಂಪಿನಲ್ಲಿ ಇರುತ್ತಾರೆ. ತುಮಕೂರಿನಲ್ಲಿ 19 ವರ್ಷದಿಂದ ಪಾರ್ಲರ್ ನಡೆಸುತ್ತಿದ್ದಾರೆ. ಮುಖದ ವಿಷಯ ಅಂದರೆ ಕೆಲವರಿಗೆ ಮುಜುಗರ. ಅದಕ್ಕೆ ಹೆಸರು ಬೇಡ, ಊರಿನ ಹೆಸರಲ್ಲೇ ಕೇಳಿ. ಮನೆಮದ್ದಿನ ಫಾರ್ವರ್ಡ್ ಹಾಕಬೇಡಿ. ಸೋಪು, ಎಣ್ಣೆ ಮಾರಬೇಡಿ.

ಗುಬ್ಬಿ: ಅಕ್ಕ, ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದ್ದೇನೆ. ಪೌಡರ್ ಬಿಟ್ಟು ಬೇರೇನೂ ಹಾಕಿ ಗೊತ್ತಿಲ್ಲ. ದಿನಾ ಸ್ಕೂಲಿಗೆ ಹೋಗುವಾಗ ಏನೇನು ಹಾಕಬೇಕು? 7.40ಕ್ಕೆ ಬಸ್ಸು. 10 ನಿಮಿಷ ಸಿಗುತ್ತದೆ ಅಷ್ಟೇ.

ಪಾರ್ಲರ್ ಅಕ್ಕ: 10 ನಿಮಿಷ ಧಾರಾಳ ಆಯಿತು. ಮುಖ ತೊಳೆದು, ಸ್ವಲ್ಪ ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಅದರ ಮೇಲೆ ಸನ್‌ಸ್ಕ್ರೀನ್. ಆಮೇಲೆ ಹೋಗಿ ಸೀರೆ ಉಟ್ಟುಕೊಳ್ಳಿ, ಅಷ್ಟರಲ್ಲಿ ಹೀರಿಕೊಂಡಿರುತ್ತದೆ. ಬಂದು ಹಣೆ, ಮೂಗು, ಗದ್ದಕ್ಕೆ ಮಾತ್ರ ಕಾಂಪ್ಯಾಕ್ಟ್ ಪೌಡರ್. ಉಜ್ಜಬೇಡಿ, ಒತ್ತಿ. ಕಾಡಿಗೆ, ಲಿಪ್‌ಸ್ಟಿಕ್, ಮುಗಿಯಿತು. ಅದೇ ಲಿಪ್‌ಸ್ಟಿಕ್ ಒಂದು ಚುಕ್ಕಿ ಬೆರಳಲ್ಲಿ ತೆಗೆದು ಕೆನ್ನೆಗೆ ಹರಡಿದರೆ ಬ್ಲಶ್ ಅಂತ ಬೇರೆ ಕೊಳ್ಳಬೇಕಿಲ್ಲ. ಮೊದಲ ಸಂಬಳದಲ್ಲಿ ಫೌಂಡೇಶನ್ ತರಬೇಡಿ, ಸನ್‌ಸ್ಕ್ರೀನ್ ತನ್ನಿ. ಯಾವಾಗಲಾದರೂ ಫೌಂಡೇಶನ್ ಕೊಂಡರೆ ಕೈ ಮೇಲೆ ಹಚ್ಚಿ ಬಣ್ಣ ನೋಡಬೇಡಿ. ದವಡೆ ಹತ್ತಿರ ಹಚ್ಚಿ, ಅಂಗಡಿಯಿಂದ ಹೊರಗೆ ಬಂದು ಬೆಳಕಲ್ಲಿ ನೋಡಿ. ಅಂಗಡಿ ಲೈಟಿಗೆ ಎಲ್ಲರೂ ಚೆನ್ನಾಗೇ ಕಾಣುತ್ತಾರೆ.

ಪಾವಗಡ: ಸನ್‌ಸ್ಕ್ರೀನ್ ಎಷ್ಟು ಹಚ್ಚಬೇಕು ಮೇಡಂ? ನಮ್ಮ ಕಡೆ ಬಿಸಿಲು ಗೊತ್ತಲ್ಲ. ಹಚ್ಚಿದರೆ ಮುಖ ವಿಭೂತಿ ಬಳಿದ ಹಾಗೆ ಕಾಣುತ್ತದೆ.

ಪಾರ್ಲರ್ ಅಕ್ಕ: ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆಯಿರಿ. ಮುಖ, ಕುತ್ತಿಗೆಗೆ ಅಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿ ಮೇಲೆ ಎಸ್‌ಪಿಎಫ್ ಅಂತ ಇರುವ, ಬಿಸಿಲು ಎಷ್ಟು ತಡೆಯುತ್ತದೆ ಅನ್ನುವ ನಂಬರ್ ಸುಮ್ನೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಚರ್ಮ ಸುಡುವ ಕಿರಣದಲ್ಲಿ 30 ನೂರಕ್ಕೆ ಸುಮಾರು 97 ತಡೆಯುತ್ತದೆ, 50 ಆದರೆ 98. ಆ ಒಂದಕ್ಕೆ ಡಬಲ್ ದುಡ್ಡು ಕೊಡುವುದು ನಿಮಗೆ ಬಿಟ್ಟದ್ದು. ಬೆಳ್ಳಗೆ ಕೂರುವುದು ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಕ್ರೀಮು. ಜೆಲ್ ತರಹದ್ದು ಕೇಳಿ ನೋಡಿ. ಹೊಲದಲ್ಲಿ ಇರುವವರು 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತಲೆ ಮೇಲೆ ಸೆರಗೂ ಇರಲಿ.

ಶಿರಾ: ಗಂಡಸರು ಸನ್‌ಸ್ಕ್ರೀನ್ ಹಚ್ಚಬಹುದಾ?

ಪಾರ್ಲರ್ ಅಕ್ಕ: ಹಚ್ಚಿ.

ವಸಂತನರಸಾಪುರ: ಅಕ್ಕ, ನಾನು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಕೆನ್ನೆ ಎರಡೂ ಕೆಂಪಾಗಿ ಕಾಣುತ್ತದೆ. ಅದು ಮುಚ್ಚುವ ಹಾಗೆ ಯಾವ ಫೌಂಡೇಶನ್ ತಗೊಳ್ಳಲಿ? 300 ರೂಪಾಯಿ ಒಳಗೆ ಹೇಳಿ. ಬಿಸಿಲಿಗೆ ಹೋದರೆ ಸ್ವಲ್ಪ ಉರಿಯುತ್ತದೆ ಅಷ್ಟೇ, ಬೇರೆ ತೊಂದರೆ ಇಲ್ಲ.

ಪಾರ್ಲರ್ ಅಕ್ಕ: ಫೌಂಡೇಶನ್ ಆಮೇಲೆ. ಈಗ ಮುಖಕ್ಕೆ ಏನು ಹಚ್ಚುತ್ತಿದ್ದೀರಿ? ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಹಾಗೇ ಬರೆಯಿರಿ.

ತಿಪಟೂರು: ಇಷ್ಟೆಲ್ಲ ಕ್ರೀಮು ಯಾಕೆ? ರಾತ್ರಿ ಮಲಗುವಾಗ ಗಾಣದ ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮಜ್ಜಿಗೆ 84 ವರ್ಷ. ಇವತ್ತಿಗೂ ಒಂದು ಮೊಡವೆ ಇಲ್ಲ.

ಬಟವಾಡಿ: 84ರಲ್ಲಿ ಯಾರಿಗೆ ಮೊಡವೆ ಬರುತ್ತದೆ ಕಣ್ರೀ?

ಪಾರ್ಲರ್ ಅಕ್ಕ: ಕೈ, ಕಾಲು, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೇಡ ಅನ್ನಲ್ಲ. ರಾತ್ರಿ ಕಾಡಿಗೆ ಒರೆಸುವುದಕ್ಕೂ ಒಳ್ಳೆಯದೇ. ಮೊಡವೆ ಬರುವ ಮುಖಕ್ಕೆ ಮಾತ್ರ ಬೇಡ. ಆ ಎಣ್ಣೆ ರಂಧ್ರ ಕಟ್ಟಿಸುತ್ತದೆ, ಮೊಡವೆ ಇನ್ನೂ ಜಾಸ್ತಿ ಆಗುತ್ತದೆ.

ತಿಪಟೂರು: ತಲೆತಲಾಂತರದಿಂದ ಹಚ್ಚಿದ್ದು ತಪ್ಪು, ಕಂಪನಿಯವರ ಟ್ಯೂಬು ಸರಿ. ಆಯಿತು ಬಿಡಿ.

ಕುಣಿಗಲ್: ಫಾರ್ವರ್ಡ್ ಬಂದಿದೆ. ನಿಂಬೆರಸ, ಅಡುಗೆ ಸೋಡ ಕಲಸಿ 20 ನಿಮಿಷ ಬಿಸಿಲಲ್ಲಿ ಕೂತರೆ ಕಪ್ಪು ಕಲೆ ಹೋಗುತ್ತದಂತೆ. ನಿಜಾನಾ?

ಪಾರ್ಲರ್ ಅಕ್ಕ: ಕಲೆ ಹೋಗಲ್ಲ, ಬರುತ್ತದೆ. ನಿಂಬೆರಸ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಸೋಡ ಪಾತ್ರೆಗೆ ಇಟ್ಟುಕೊಳ್ಳಿ. ಫಾರ್ವರ್ಡ್ ಬೇಡ ಅಂತ ಮೇಲೆ ಬರೆದಿದ್ದಾರೆ.

ಮಧುಗಿರಿ: ಹಣೆ ಮೇಲೆ ಬಿಂದಿ ಇಡುವ ಜಾಗ ಬೆಳ್ಳಗಾಗಿದೆ. ಬಿಂದಿ ದೊಡ್ಡದು ಇಟ್ಟು ಮುಚ್ಚುತ್ತಿದ್ದೇನೆ. ಏನು ಹಚ್ಚಲಿ?

ಪಾರ್ಲರ್ ಅಕ್ಕ: ಏನೂ ಹಚ್ಚಬೇಡಿ, ಬಿಂದಿ ಬಿಡಿ. ದೊಡ್ಡದು ಇಟ್ಟಷ್ಟೂ ಬಿಳಿಯೂ ದೊಡ್ಡದಾಗುತ್ತದೆ. ಕೆಲವು ಬಿಂದಿಗಳ ಗೋಂದಿನಲ್ಲಿ ಒಂದು ರಾಸಾಯನಿಕ ಇರುತ್ತದೆ. ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಅಂತ ಉದ್ದದ ಹೆಸರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಅದು ಕೊಲ್ಲುತ್ತದೆ. ಬೇಗ ಬಿಟ್ಟರೆ ಬಣ್ಣ ವಾಪಸ್ ಬರುವ ಸಾಧ್ಯತೆ ಇದೆ. ಆದರೂ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ತೊನ್ನು ಹೌದೋ ಅಲ್ಲವೋ ಅವರೇ ಹೇಳಬೇಕು.

ಕೊರಟಗೆರೆ: ಕಾಡಿಗೆ ಮಧ್ಯಾಹ್ನಕ್ಕೆಲ್ಲ ಕಣ್ಣ ಕೆಳಗೆ ಇಳಿದಿರುತ್ತದೆ. ಏನು ಮಾಡಲಿ?

ವಸಂತನರಸಾಪುರ: ಅಕ್ಕ, ಬೀಟಾಮೆಥಾಸೋನ್ ಅಂತ ಇದೆ. ಎಂಟು ತಿಂಗಳಿಂದ ಹಚ್ಚುತ್ತಿದ್ದೇನೆ. ಲೈನಲ್ಲಿ ಜೊತೆಯವರು ಹೇಳಿದ್ದು. ಮೆಡಿಕಲ್ ಶಾಪಲ್ಲಿ ಕೇಳಿದ ತಕ್ಷಣ ಕೊಟ್ಟರು. ಮೊದಲು ತುಂಬಾ ಚೆನ್ನಾಗಿ ಆಯಿತು. ಈಗ ಎರಡು ದಿನ ಬಿಟ್ಟರೆ ಗುಳ್ಳೆ, ಉರಿ. ಹಚ್ಚಿದರೆ ಹೋಗುತ್ತದೆ. ಅದಕ್ಕೇ ಬಿಟ್ಟಿಲ್ಲ.

ಪಾರ್ಲರ್ ಅಕ್ಕ: ನೋಡಮ್ಮ, ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅದು ಬ್ಯೂಟಿ ಕ್ರೀಮ್ ಅಲ್ಲ. ಸ್ಟೀರಾಯ್ಡ್ ಔಷಧಿ. ಇಸುಬಿನಂಥ ಕಾಯಿಲೆಗೆ ಡಾಕ್ಟರು ಇಂಥ ಜಾಗಕ್ಕೆ, ಇಷ್ಟು ದಿನ ಅಂತ ಲೆಕ್ಕ ಹಾಕಿ ಕೊಡುವುದು.

ಮೊದಮೊದಲು ಮುಖ ನುಣ್ಣಗೆ, ಬೆಳ್ಳಗೆ ಕಾಣುವುದು ನಿಜ. ಚರ್ಮದೊಳಗಿನ ಸಣ್ಣ ರಕ್ತನಾಳಗಳನ್ನು ಅದು ಕುಗ್ಗಿಸುತ್ತದೆ, ಬಣ್ಣ ತಯಾರಾಗುವುದನ್ನೂ ತಗ್ಗಿಸುತ್ತದೆ. ನೋಡಿದವರೆಲ್ಲ ಏನು ಹಚ್ಚುತ್ತೀಯ ಅಂತ ಕೇಳುತ್ತಾರೆ. ಟ್ಯೂಬು ಹಬ್ಬುವುದು ಹೀಗೇ. ಆಮೇಲೆ ಚರ್ಮ ಈರುಳ್ಳಿ ಪೊರೆಯ ಹಾಗೆ ತೆಳ್ಳಗಾಗುತ್ತದೆ. ಅದೇ ನಾಳಗಳು ಹಿಗ್ಗಿ ಕೆಂಪು ಎಳೆ ಎಳೆಯಾಗಿ ಕಾಣುತ್ತವೆ. ಬಿಸಿಲು ತಾಗಿದರೂ ಉರಿ, ಒಲೆ ಮುಂದೆ ನಿಂತರೂ ಉರಿ. ಮೊಡವೆ ಬರುತ್ತವೆ, ಕೆನ್ನೆ ಮೇಲೆ ಕೂದಲು ಬೆಳೆಯುತ್ತದೆ. ಕನ್ನಡಿ ಹಿಡಿದು ಬೆಳಕಲ್ಲಿ ನೋಡಿಕೋ.

ಬಿಟ್ಟರೆ ಗುಳ್ಳೆ, ಹಚ್ಚಿದರೆ ವಾಸಿ ಅಂದೆಯಲ್ಲ, ನನಗೆ ಭಯ ಆದದ್ದು ಅದನ್ನು ಓದಿಯೇ. ಕ್ರೀಮು ವಾಸಿ ಮಾಡುತ್ತಿಲ್ಲ. ಮುಖ ಕ್ರೀಮಿಗೆ ಒಗ್ಗಿಹೋಗಿದೆ. ಚರ್ಮದ ಡಾಕ್ಟರುಗಳು ಇದಕ್ಕೆ ಸ್ಟೀರಾಯ್ಡಿನಿಂದ ಹಾಳಾದ ಮುಖ ಅಂತಲೇ ಹೆಸರಿಟ್ಟಿದ್ದಾರೆ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಪಾರ್ಲರ್ ಶುರು ಮಾಡಿದ ಹೊಸದರಲ್ಲಿ ನಾನೇ ಒಬ್ಬ ಹುಡುಗಿಗೆ ಇಂಥದ್ದೇ ಟ್ಯೂಬ್ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಮದುವೆಗೆ ಎರಡು ತಿಂಗಳಿತ್ತು. ಮದುವೆ ದಿನ ಚೆನ್ನಾಗೇ ಕಂಡಳು. ಆರು ತಿಂಗಳ ಮೇಲೆ ಅವಳಮ್ಮ ಕರೆದುಕೊಂಡು ಬಂದರು. ಸೆರಗಲ್ಲಿ ಮುಖ ಮುಚ್ಚಿಕೊಂಡಿದ್ದಳು. ನನ್ನನ್ನು ಬೈಯಲೂ ಇಲ್ಲ. ಈ ಕೆಂಪಿಗೆ ಯಾವ ಫೇಶಿಯಲ್ ಮಾಡುತ್ತೀರಿ ಅಂತ ಕೇಳಿದರು.

ಈಗ ಮಾಡಬೇಕಾದ್ದು ಕೇಳು. ಹೊಸ ಟ್ಯೂಬ್ ಕೊಳ್ಳಬೇಡ. ಇರುವ ಟ್ಯೂಬನ್ನು ಬಿಸಾಡಬೇಡ, ಕೈಯಲ್ಲಿ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗು. ದುಡ್ಡಿನ ಯೋಚನೆ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸು. ಎಂಟು ತಿಂಗಳು ಅಂತ ನಾಚಿಕೆ ಇಲ್ಲದೆ ಹೇಳು. ಕಣ್ಣಿನ ಸುತ್ತ ಹಚ್ಚಿದ್ದರೆ ಅದನ್ನೂ ಹೇಳು. ಹೇಗೆ ಬಿಡಿಸಬೇಕು ಅನ್ನುವುದು ಅವರ ಕೆಲಸ, ನನ್ನದಲ್ಲ. ಬಿಟ್ಟ ಮೇಲೆ ಕೆಲವು ವಾರ ಮುಖ ಈಗಿಗಿಂತ ಕೆಟ್ಟದಾಗಿ ಕಾಣಬಹುದು. ಜಾಸ್ತಿ ಜನ ಅಲ್ಲೇ ಸೋತು ಮತ್ತೆ ಹಚ್ಚುವುದು. ಅಲ್ಲಿಯವರೆಗೆ ತಣ್ಣೀರು, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್, ಹೊರಗೆ ಹೋದರೆ ಛತ್ರಿ. ಫೇಶಿಯಲ್, ಬ್ಲೀಚ್, ಸ್ಕ್ರಬ್, ಹಬೆ ಯಾವುದೂ ಬೇಡ. ಫೌಂಡೇಶನ್ ಅಂತೂ ಬೇಡವೇ ಬೇಡ.

ಉಳಿದವರೂ ನಿಮ್ಮ ಟ್ಯೂಬು ತಿರುಗಿಸಿ ನೋಡಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್, ಇವೆಲ್ಲ ಒಂದೇ ಮನೆಯವು. 2018ರಲ್ಲಿ ಸರ್ಕಾರ ಇಂಥ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮಾರುತ್ತಾರೆ, ಅದು ಬೇರೆ ಮಾತು.

ತುರುವೇಕೆರೆ: ಸುಮ್ನೆ ಹೆದರಿಸಬೇಡಿ ಮೇಡಂ. ನನ್ನ ಮಗಳಿಗೆ ಡಾಕ್ಟರೇ ಮೊಮೆಟಾಸೋನ್ ಬರೆದುಕೊಟ್ಟಿದ್ದರು. ಏನೂ ಆಗಲಿಲ್ಲ.

ಪಾರ್ಲರ್ ಅಕ್ಕ: ಎಷ್ಟು ದಿನಕ್ಕೆ ಕೊಟ್ಟಿದ್ದರು?

ತುರುವೇಕೆರೆ: ಹತ್ತು ದಿನಕ್ಕೆ.

ಪಾರ್ಲರ್ ಅಕ್ಕ: ಇವಳು ಎಂಟು ತಿಂಗಳು ಹಚ್ಚಿದ್ದಾಳೆ.

ತುರುವೇಕೆರೆ: ಹಾಗಲ್ಲ, ನಾನು ಹೇಳಿದ್ದು ಬೇರೆ. ಗಂಡಿನ ಕಡೆಯವರು ಬಂದಾಗ ಮೊದಲು ನೋಡುವುದು ಬಣ್ಣಾನೇ. ಹುಡುಗಿಯರು ಹಚ್ಚದೆ ಏನು ಮಾಡುತ್ತಾರೆ?

ಬಟವಾಡಿ: ಬಣ್ಣ ನೋಡಿ ಬರುವವರಿಗೆ ಕಾಫಿ ಕೊಟ್ಟು ಕಳಿಸಿ. ನಾನು ಹಾಗೇ ಮಾಡಿದ್ದು, ಎರಡು ಸಲ.

ತುರುವೇಕೆರೆ: ನಿಮಗೆ ಹೇಳುವುದು ಸುಲಭ. ನನಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ.

ತಿಪಟೂರು: ನಾನು ಆಗಲೇ ಹೇಳಿದೆ. ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಈ ಗತಿ ಬರುತ್ತಿತ್ತಾ?

ಚಿಕ್ಕನಾಯಕನಹಳ್ಳಿ: ಎಣ್ಣೆ ರೇಟು ಕೇಳಿದ್ದೀರಾ? ಅಡುಗೆಗೇ ಅಳೆದು ಹಾಕುತ್ತಿದ್ದೇವೆ, ಮುಖಕ್ಕೆ ಎಲ್ಲಿಂದ ತರೋದು?

ತಿಪಟೂರು: ರೇಟು ಏರಿದಾಗ ಎಲ್ಲರಿಗೂ ಕಣ್ಣು. ಕೊಬ್ಬರಿ ಬಿದ್ದುಹೋದಾಗ ರೈತರನ್ನು ಯಾರು ಕೇಳಿದರು?

ಚಿಕ್ಕನಾಯಕನಹಳ್ಳಿ: ನಾವೂ ತೆಂಗಿನವರೇ ಕಣ್ರೀ. ನಮ್ಮ ಮರಕ್ಕೆಲ್ಲ ರೋಗ, ಈ ಸಲ ಕಾಯಿಯೇ ಇಲ್ಲ.

ಬಟವಾಡಿ: ಇದು ಮೇಕಪ್ ಗುಂಪಾ, ಎಪಿಎಂಸಿ ಮಾರ್ಕೆಟ್ಟಾ?

ತಿಪಟೂರು: ಕೊಬ್ಬರಿ ತಿಂದು ಬೆಳೆದವರು ಹೀಗೆಲ್ಲ ಮಾತಾಡಬಾರದು.

ಕ್ಯಾತಸಂದ್ರ: ಲೇಬಲ್ ಇಲ್ಲದ ಚಿಕ್ಕ ಡಬ್ಬಿಯಲ್ಲಿ ಬೆಳ್ಳಗಾಗುವ ಕ್ರೀಮ್ ಜಾತ್ರೆಯಲ್ಲಿ ತಂದಿದ್ದೆ. ಹಚ್ಚಬಹುದಾ?

ಪಾರ್ಲರ್ ಅಕ್ಕ: ಬೇಡ. ಅಂಥವುಗಳಲ್ಲಿ ಪಾದರಸ ಇರಬಹುದು. ಅದು ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೆ ಹೊಡೆಯುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಬೆಳ್ಳಗಾಗುವ ಕ್ರೀಮು ಹಚ್ಚಿದವರಿಗೆ ಕಿಡ್ನಿ ತೊಂದರೆ ಕಾಣಿಸಿಕೊಂಡದ್ದು ಪೇಪರಿನಲ್ಲೆಲ್ಲ ಬಂದಿತ್ತು. ಯಾರು ಮಾಡಿದ್ದು, ಒಳಗೆ ಏನಿದೆ ಅಂತ ಬರೆದಿಲ್ಲದ್ದನ್ನು ಮುಖಕ್ಕೆ ಯಾಕೆ ಹಚ್ಚುತ್ತೀರಿ?

ಕುಣಿಗಲ್: ನಿಂಬೆರಸ ಬೇಡ ಅಂದಿರಿ. ಟೊಮೆಟೊ, ಸಕ್ಕರೆ ಉಜ್ಜಬಹುದಾ? ಮೊಡವೆಗೆ ಟೂತ್‌ಪೇಸ್ಟ್?

ಪಾರ್ಲರ್ ಅಕ್ಕ: ಬೇಡ. ಬೇಡ.

ಕುಣಿಗಲ್: ಬಿಸಿಲಿಗೆ ಹೋಗದೆ ನಿಂಬೆರಸ?

ಪಾರ್ಲರ್ ಅಕ್ಕ: ಪಾನಕ ಮಾಡಿ ಕುಡಿಯಿರಿ.

ಕುಣಿಗಲ್: ಇಷ್ಟು ಸಿಟ್ಟು ಯಾಕೆ ಅಕ್ಕ? ಕೇಳಿ ಅಂತ ನೀವೇ ಕರೆದದ್ದು.

ಗುಬ್ಬಿ: ಸನ್‌ಸ್ಕ್ರೀನ್ ಮೊದಲಾ, ಮಾಯಿಶ್ಚರೈಸರ್ ಮೊದಲಾ?

ಪಾರ್ಲರ್ ಅಕ್ಕ: ನಿಮಗೇ ಬರೆದಿದ್ದೇನೆ. ಮೇಲೆ ಹೋಗಿ ಓದಿ.

ಕೊರಟಗೆರೆ: ಅಕ್ಕ, ನನ್ನ ಕಾಡಿಗೆ ಪ್ರಶ್ನೆ?

ಕ್ಯಾತಸಂದ್ರ: ಕ್ರೀಮಿಗೆ 150 ಕೊಟ್ಟಿದ್ದೆ. ವಾಪಸ್ ತಗೊಳ್ಳುತ್ತಾರಾ?

ವಸಂತನರಸಾಪುರ: ಅಕ್ಕ, ಓದಿದೆ. ಕೆನ್ನೆ ಮೇಲೆ ಎಳೆ ಎಳೆ ಇದೆ, ನೀವು ಹೇಳಿದ ಹಾಗೇ. ಕೂದಲೂ ಇದೆ. ಅದು ಥ್ರೆಡಿಂಗ್ ಮಾಡಿಸದೆ ಬಂದದ್ದು ಅಂದುಕೊಂಡಿದ್ದೆ. ನಾಳೆ ರಜೆ ಸಿಗಲ್ಲ. ಗುರುವಾರ ನನಗೆ ಸೆಕೆಂಡ್ ಶಿಫ್ಟ್, ಬೆಳಿಗ್ಗೆ ಹೋಗಿ ಬರುತ್ತೇನೆ.

ಪಾರ್ಲರ್ ಅಕ್ಕ: ಬೇಗ ಹೋಗು, ಕ್ಯೂ ಇರುತ್ತದೆ. ಬಂದ ಮೇಲೆ ನನಗೆ ಮೆಸೇಜ್ ಹಾಕು. ಗುಂಪಿನಲ್ಲಿ ಬೇಡ, ನನಗೇ ಹಾಕು.

ತಿಪಟೂರು: ಗುಂಪು ಬಿಡುತ್ತಿದ್ದೇನೆ. ತೆಂಗಿನವರಿಗೆ ಇಲ್ಲಿ ಮರ್ಯಾದೆ ಇಲ್ಲ.

ಬಟವಾಡಿ: ಅಜ್ಜಿಗೆ ನಮಸ್ಕಾರ ಹೇಳಿ.

ಅಡ್ಮಿನ್: ಕೊಬ್ಬರಿ ವಿಷಯ ಇಲ್ಲಿಗೆ ಸಾಕು. ಹತ್ತು ನಿಮಿಷಕ್ಕೆ ಕಾಮೆಂಟ್ ಬಂದ್ ಮಾಡುತ್ತೇನೆ.

ವಸಂತನರಸಾಪುರ: ಅಕ್ಕ, ಇನ್ನೊಂದು. ನಮ್ಮ ಲೈನಲ್ಲಿ ಇನ್ನೂ ಆರು ಜನ ಅದೇ ಟ್ಯೂಬ್ ಹಚ್ಚುತ್ತಾರೆ. ಇಬ್ಬರಿಗೆ ನಾನೇ ಹೇಳಿಕೊಟ್ಟದ್ದು.

ಪಾರ್ಲರ್ ಅಕ್ಕ: ಗುರುವಾರ ಆ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗು. ಉಳಿದ ನಾಲ್ವರಿಗೆ ಈ ಮೆಸೇಜ್ ಕಳಿಸು. ಇದೊಂದನ್ನು ಫಾರ್ವರ್ಡ್ ಮಾಡಬಹುದು.

ಅಡ್ಮಿನ್: ಕಾಮೆಂಟ್ ಬಂದ್ ಆಗಿದೆ.