ಪದಚರ್ಚೆ: ಕಫದ ಕಲ್ಚರ್ ವರದಿಯಲ್ಲಿನ ‘ರೆಸಿಸ್ಟೆಂಟ್’

ಪ್ರಶ್ನೆ: ನ್ಯುಮೋನಿಯಾ ಕುರಿತ ಕರಪತ್ರದಲ್ಲಿ ‘ಆಂಟಿಬಯಾಟಿಕ್ ರೆಸಿಸ್ಟೆನ್ಸ್’ ಎಂಬುದಕ್ಕೆ ‘ಪ್ರತಿಜೀವಕ ನಿರೋಧಕತೆ’ ಎಂದು ಬರೆಯಬಹುದೇ? ಕಲ್ಚರ್ (ಕಫದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧ ಫಲಿಸುತ್ತದೆಂದು ನೋಡುವ ಪರೀಕ್ಷೆ) ವರದಿಯಲ್ಲಿರುವ ಎಸ್ (ಸಸೆಪ್ಟಿಬಲ್), ಐ (ಇಂಟರ್‌ಮೀಡಿಯೆಟ್), ಆರ್ (ರೆಸಿಸ್ಟೆಂಟ್) ಅಕ್ಷರಗಳನ್ನು ಕನ್ನಡದಲ್ಲಿ ಹೇಗೆ ವಿವರಿಸುವುದು?

ಉತ್ತರ: ರೋಗಿಗಳು ಓದುವ ಕರಪತ್ರದಲ್ಲಿ ‘ನಿರೋಧಕತೆ’ ಬೇಡ. ಜನ ಆ ಪದವನ್ನು ಬಲ್ಲದ್ದು ‘ರೋಗನಿರೋಧಕ ಶಕ್ತಿ’ಯಿಂದ, ಅದು ಮೈಯ ಗುಣ, ಇದ್ದಷ್ಟೂ ಒಳ್ಳೆಯದು. ಇಲ್ಲಿ ಬದಲಾಗಿರುವುದು ಮೈಯಲ್ಲ, ಬ್ಯಾಕ್ಟೀರಿಯಾ. ‘ಆ ಮಾತ್ರೆ ನನಗೆ ನಾಟೋದಿಲ್ಲ’ ಎನ್ನುವ ರೂಢಿಯ ಮಾತೂ ಅದೇ ತಪ್ಪು ತಿಳಿವಳಿಕೆಯನ್ನು ಗಟ್ಟಿ ಮಾಡುತ್ತದೆ. ‘ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ’ ಎಂದರೆ ಗೊಂದಲವಿಲ್ಲ.

ಆದರೆ ಔಷಧ ಫಲಿಸದ ಕಡೆಯಲ್ಲೆಲ್ಲ ‘ಜಗ್ಗದ’ ಎಂದು ಬರೆಯುವಂತಿಲ್ಲ. ಆರೋಗ್ಯವಂತರಲ್ಲಿ ದಿಢೀರನೆ ಬರುವ ಬ್ರಾಂಕೈಟಿಸ್ (ಶ್ವಾಸನಾಳಗಳ ಉರಿಯೂತ) ಬಹುಪಾಲು ವೈರಸ್‌ನದು. ಆಂಟಿಬಯಾಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿ (ಕೋಶದ ಹೊರಗೋಡೆ) ಇಲ್ಲ, ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಕೆಡಿಸುವುದು ಕೋಶಭಿತ್ತಿಯ ಕಟ್ಟೋಣವನ್ನು, ಹಾಗಾಗಿ ಔಷಧ ಅಲ್ಲಿ ಫಲಿಸದಿರುವುದು ಹುಟ್ಟುಗುಣ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಿರುವುದು ಗಳಿಸಿಕೊಂಡ ಗುಣ: ಪೆನಿಸಿಲಿನ್ ಅಂಟಿಕೊಳ್ಳುವ ಪ್ರೋಟೀನುಗಳ ರೂಪವನ್ನೇ ಅದು ಬದಲಿಸಿಕೊಳ್ಳುತ್ತದೆ. ಹಾಗಾಗಿ ಅಮಾಕ್ಸಿಸಿಲಿನ್ ಜೊತೆ, ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುವ ಕ್ಲಾವುಲನೇಟ್ ಸೇರಿಸಿದರೂ ನ್ಯುಮೋಕಾಕಸ್ ಮೇಲೆ ಹೆಚ್ಚಿನ ಲಾಭವಿಲ್ಲ. ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್‌ಗೆ ಜಗ್ಗದಿದ್ದರೆ, ಸಾಮಾನ್ಯವಾಗಿ ಅದು ಔಷಧವನ್ನು ಒಡೆಯುವ ಕಿಣ್ವ ತಯಾರಿಸುತ್ತಿರುತ್ತದೆ. ಆ ಕಿಣ್ವವನ್ನು ಕ್ಲಾವುಲನೇಟ್ ತಡೆಯುತ್ತದೆ. ಆಸ್ಪತ್ರೆಯಲ್ಲಿ ಅಂಟುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಎನ್‌ಡಿಎಂ ಎಂಬ ಕಿಣ್ವ ಪಡೆದಿದ್ದರೆ ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯಾಟಿಕ್ ಕೂಡ ಒಡೆದುಹೋಗುತ್ತದೆ, ಕ್ಲಾವುಲನೇಟ್ ಈ ಕಿಣ್ವವನ್ನು ತಡೆಯಲಾರದು.

ಇನ್ನು ಅಕ್ಷರಗಳು. ನ್ಯುಮೋಕಾಕಸ್ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಪೆನಿಸಿಲಿನ್ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಎಂದಿಟ್ಟುಕೊಳ್ಳಿ. ಅಮೆರಿಕದ ಸಿಎಲ್‌ಎಸ್‌ಐ ಮಾನದಂಡದ ಪ್ರಕಾರ, ಪೆನಿಸಿಲಿನ್ ಇಂಜೆಕ್ಷನ್ ಕೊಡುವ ನ್ಯುಮೋನಿಯಾದಲ್ಲಿ ಅದು ಎಸ್, ಅಂದರೆ ಔಷಧ ಫಲಿಸುವಂಥದ್ದು (2ರವರೆಗೆ ಎಸ್), ಮೆದುಳುಪೊರೆಯ ಸೋಂಕಿನಲ್ಲಿ ಅದೇ ಬ್ಯಾಕ್ಟೀರಿಯಾ ಆರ್ (0.12ರಿಂದಲೇ ಆರ್). ಆದ್ದರಿಂದ ಆರ್‌ಗೆ ‘ಈ ಜಾಗದ ಸೋಂಕಿಗೆ ಈ ಔಷಧ ಸಾಲದು’ ಎಂಬ ವಿವರಣೆ ಸರಿ. ಐಗೆ ‘ಮಧ್ಯಮ’ ಬೇಡ. ಯುರೋಪಿನ ಯೂಕಾಸ್ಟ್ ಮಾನದಂಡ 2019ರಿಂದ ಅದನ್ನು ‘ಡೋಸ್ ಹೆಚ್ಚಿಸಿದರೆ ಫಲಿಸುತ್ತದೆ’ ಎಂಬರ್ಥದಲ್ಲಿ ಬಳಸುತ್ತಿದೆ, ಸಿಎಲ್‌ಎಸ್‌ಐನ ಐ ಹಾಗಲ್ಲ. ಲ್ಯಾಬ್ ಯಾವುದನ್ನು ಪಾಲಿಸುತ್ತದೆ ಎಂದು ಕೇಳಿಕೊಂಡೇ ಬರೆಯಿರಿ. ಒಂದೇ ವರದಿಯಲ್ಲಿ ಎರಡು ಔಷಧಗಳ ಅಂಕಿ ಹೋಲಿಸಿ, ಚಿಕ್ಕ ಅಂಕಿಯದೇ ಪರಿಣಾಮಕಾರಿ ಎಂದುಕೊಳ್ಳುವವರೂ ಇದ್ದಾರೆ. ಅದು ತಪ್ಪೆಂದು ಒಂದು ಸಾಲು ಸೇರಿಸಿ.

ನೀವು ಕೇಳದ ಇನ್ನೊಂದು ಪದವೂ ಇದೆ. ‘ಉಗುಳು ಮಾದರಿ’ ಎಂದು ಬರೆದರೆ ಜನ ಎಂಜಲು ಕೊಡುತ್ತಾರೆ. ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ಒಂದು ನೋಟಕ್ಕೆ 10ಕ್ಕಿಂತ ಹೆಚ್ಚು ಬಾಯಿಯ ಮೇಲ್ಪದರದ ಕೋಶ ಕಂಡರೆ ಅನೇಕ ಲ್ಯಾಬ್‌ಗಳು ಮಾದರಿಯನ್ನು ತಿರಸ್ಕರಿಸುತ್ತವೆ. ತಿರಸ್ಕರಿಸದಿದ್ದರೆ ಇನ್ನೂ ಕಷ್ಟ: ಗಂಟಲಲ್ಲಿ ಸುಮ್ಮನೆ ವಾಸವಿದ್ದ ಬ್ಯಾಕ್ಟೀರಿಯಾ ಬೆಳೆದು, ಅದಕ್ಕೆ ಔಷಧ ಶುರುವಾಗುತ್ತದೆ. ‘ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ, ಆಂಟಿಬಯಾಟಿಕ್ ಶುರುಮಾಡುವ ಮೊದಲು ತೆಗೆದು, 2 ಗಂಟೆಯೊಳಗೆ ಲ್ಯಾಬ್‌ಗೆ’ ಎಂದು ಪೂರ್ತಿ ಬರೆಯಿರಿ.