ಪದಚರ್ಚೆ: ‘ನಿಯೋ-ನ್ವಾರ್’ ಚಿತ್ರದ ‘ಟ್ರಬಲ್ಡ್’ ಪತ್ತೇದಾರನಿಗೆ ಕನ್ನಡದಲ್ಲಿ ಯಾವ ಮಾತು?

ಆರ್ಥರ್ ಪೆನ್ ನಿರ್ದೇಶಿಸಿ 1975ರಲ್ಲಿ ತೆರೆಕಂಡ ‘ನೈಟ್ ಮೂವ್ಸ್’ ಎಂಬ ಅಮೆರಿಕನ್ ಚಿತ್ರದ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಈ ಚಿತ್ರವನ್ನು ಇಂಗ್ಲಿಷಿನಲ್ಲಿ ಒಂದೇ ಸಾಲಿನಲ್ಲಿ ಪರಿಚಯಿಸುವವರು ಅದನ್ನು ‘ನಿಯೋ-ನ್ವಾರ್ ಕ್ರೈಂ ಫಿಲ್ಮ್’ ಎಂದೂ, ಜೀನ್ ಹ್ಯಾಕ್‌ಮನ್ ಅಭಿನಯಿಸಿದ ಅದರ ನಾಯಕ ಹ್ಯಾರಿ ಮೋಸ್ಬಿಯನ್ನು ‘ಟ್ರಬಲ್ಡ್ ಪ್ರೈವೇಟ್ ಡಿಟೆಕ್ಟಿವ್’ ಎಂದೂ ಕರೆಯುವುದು ರೂಢಿ. ನನ್ನ ಲೇಖನದ ಉಳಿದ ಭಾಗ ಸರಾಗವಾಗಿ ಸಾಗಿತು, ಆದರೆ ಈ ಒಂದು ಸಾಲಿನ ಮುಂದೆ ಹಲವು ದಿನಗಳಿಂದ ನಿಂತುಬಿಟ್ಟಿದ್ದೇನೆ. ಸಾಲಿನ ಪ್ರತಿಯೊಂದು ಪದಕ್ಕೂ ಕನ್ನಡದಲ್ಲಿ ಎರಡು ಮೂರು ಸಾಟಿಗಳು ಸಿಗುತ್ತವೆಯಾದರೂ ಒಂದೊಂದೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತದೆ. ನನಗೆ ತೋಚಿದ್ದನ್ನು ಇಲ್ಲಿ ಬರೆದಿದ್ದೇನೆ, ಬಲ್ಲವರು ತಿದ್ದಬೇಕು.

ಮೊದಲು ‘ನ್ವಾರ್’. ಫ್ರೆಂಚಿನಲ್ಲಿ ಇದಕ್ಕೆ ಕಪ್ಪು ಎಂಬುದಷ್ಟೇ ಅರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಬಾರದೆ ನಿಂತಿದ್ದ ಅಮೆರಿಕನ್ ಚಿತ್ರಗಳು ಯುದ್ಧ ಮುಗಿದ ಮೇಲೆ ಒಟ್ಟಿಗೆ ಬಂದಾಗ, ಅವುಗಳಲ್ಲಿ ಕೆಲವು ಅಪರಾಧ ಚಿತ್ರಗಳ ಮನೋಧರ್ಮವೇ ಬೇರೆಯಾಗಿರುವುದನ್ನು ಕಂಡು ನೀನೋ ಫ್ರಾಂಕ್ ಎಂಬ ವಿಮರ್ಶಕರು 1946ರಲ್ಲಿ ಅವುಗಳನ್ನು ‘ಫಿಲ್ಮ್ ನ್ವಾರ್’ ಎಂದು ಕರೆದರು. ಅದರ ಹಿಂದಿನ ವರ್ಷವಷ್ಟೇ ಗಾಲಿಮಾರ್ ಪ್ರಕಾಶನವು ಮಾರ್ಸೆಲ್ ದ್ಯುಆಮೆಲ್ ಅವರ ಸಂಪಾದಕತ್ವದಲ್ಲಿ ‘ಸೆರೀ ನ್ವಾರ್’ ಎಂಬ ಅಪರಾಧ ಕಾದಂಬರಿಗಳ ಮಾಲೆಯನ್ನು ಆರಂಭಿಸಿತ್ತು, ಆದ್ದರಿಂದ ಅಲ್ಲಿನ ಓದುಗರಿಗೆ ಆ ಕಪ್ಪಿನ ಅರ್ಥ ಆಗಲೇ ಪರಿಚಿತವಾಗಿತ್ತು. ಇಂಗ್ಲಿಷಿನವರು ಈ ಪದವನ್ನು ಅನುವಾದಿಸುವ ಗೋಜಿಗೆ ಹೋಗದೆ ಹಾಗೆಯೇ ತೆಗೆದುಕೊಂಡರು ಎಂಬುದನ್ನು ಇಲ್ಲಿ ಗಮನಿಸಬೇಕು. ಅವರೇ ಎರವಲು ತಂದ ಪದವನ್ನು ನಾವು ಅನುವಾದಿಸಲೇಬೇಕೆಂಬ ಹಟ ಅನಗತ್ಯವೆಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಆದರೂ ಪ್ರಯತ್ನಿಸಿ ನೋಡಿದೆ. ‘ಕಪ್ಪು ಚಿತ್ರ’ ಎಂದರೆ ಓದುಗನ ಮನಸ್ಸು ನೇರವಾಗಿ ‘ಕಪ್ಪು-ಬಿಳುಪು ಚಿತ್ರ’ದ ಕಡೆಗೆ ಓಡುತ್ತದೆ, ಇದಾದರೋ ಬಣ್ಣದ ಚಿತ್ರ. ‘ಕಾಳಸಂತೆ’ಯಲ್ಲಿ ಇರುವ ‘ಕಾಳ’ ಕಳ್ಳತನದ ಅರ್ಥವನ್ನು ಸೊಗಸಾಗಿ ಹೊತ್ತಿದೆಯಾದರೂ ‘ಕಾಳಚಿತ್ರ’ ಎಂದರೆ ಕದ್ದು ತೆಗೆದ ಚಿತ್ರ ಎಂಬಂತೆ ಕೇಳುತ್ತದೆ. ‘ಕರಾಳ’ದ ಕಥೆ ಇನ್ನೂ ಸ್ವಾರಸ್ಯಕರ. ಸಂಸ್ಕೃತದಲ್ಲಿ ಅದು ಭೀಕರ, ಬಾಯ್ದೆರೆದ ಎಂಬ ಅರ್ಥದ ಪದ, ಬಣ್ಣಕ್ಕೆ ಸಂಬಂಧಿಸಿದ್ದಲ್ಲ. ಆದರೆ ನಮ್ಮ ಪತ್ರಿಕೆಗಳು ‘ಬ್ಲ್ಯಾಕ್ ಡೇ’ಯನ್ನು ‘ಕರಾಳ ದಿನ’ ಎಂದು ಬರೆದು ಬರೆದು ಅದಕ್ಕೆ ಕಪ್ಪು ಬಣ್ಣ ಹಚ್ಚಿವೆ. ‘ಕರಾಳ ಚಿತ್ರ’ ಎನ್ನಬಹುದೇ ಎಂದು ಯೋಚಿಸಿದರೆ ಅದು ದೆವ್ವದ ಚಿತ್ರದ ಹತ್ತಿರ ಹೋಗಿ ಕೂರುತ್ತದೆ. ‘ಕಗ್ಗತ್ತಲು’, ‘ಕಾರಿರುಳು’ ಎರಡೂ ನನಗೆ ಇಷ್ಟವಾದ ಪದಗಳು, ಆದರೆ ಅವು ಹೊರಗಿನ ಬೆಳಕಿಲ್ಲದಿರುವಿಕೆಯನ್ನು ಹೇಳುತ್ತವೆ. ಈ ಚಿತ್ರದ ಬಹುಮುಖ್ಯ ಘಟನೆಗಳು ಹಾಡುಹಗಲಲ್ಲಿ, ಫ್ಲಾರಿಡಾದ ಸಮುದ್ರದ ಮೇಲೆ ನಡೆಯುತ್ತವೆ. ಹೀಗಾಗಿ ‘ನ್ವಾರ್’ ಎಂದೇ ಉಳಿಸಿಕೊಳ್ಳುವುದು ಸರಿ ಎಂಬ ನಿಲುವಿಗೆ ಬಂದಿದ್ದೇನೆ. ಬರವಣಿಗೆಯಲ್ಲಿ ಮಾತ್ರ ‘ನೋಯಿರ್’ ಎಂದು ಬರೆಯುವುದನ್ನು ಬಿಡಬೇಕು. ಅದು ಫ್ರೆಂಚ್ ಉಚ್ಚಾರಣೆಯೂ ಅಲ್ಲ, ಮೇಲಾಗಿ ಕನ್ನಡದ ಕಿವಿಗೆ ಅದರಲ್ಲಿ ‘ನೋಯು’ ಧಾತು ಕೇಳಿಸಿ, ಇಲ್ಲದ ಒಂದು ವ್ಯುತ್ಪತ್ತಿಯನ್ನು ಹುಟ್ಟಿಸುತ್ತದೆ.

‘ನಿಯೋ’ದ ವಿಷಯಕ್ಕೆ ಬಂದರೆ, ‘ನವ್ಯ’ ಎಂಬುದು ನಮ್ಮಲ್ಲಿ ಒಂದು ಸಾಹಿತ್ಯ ಮಾರ್ಗದ ಹೆಸರಾಗಿ ನಿಂತುಬಿಟ್ಟಿರುವುದರಿಂದ ಅದನ್ನು ಮುಟ್ಟುವಂತಿಲ್ಲ. ‘ನವ’ವನ್ನು ‘ನವವಸಾಹತುಶಾಹಿ’ಯಲ್ಲಿ ಬಳಸುತ್ತೇವೆ, ಆದರೆ ಮುಂದೆ ಬರುವ ಪದ ಸಂಸ್ಕೃತದ್ದಲ್ಲದಿದ್ದರೆ ಅರಿಸಮಾಸದ ಪ್ರಶ್ನೆ ಏಳುತ್ತದೆ. ಕೇಶಿರಾಜನು ಹಿಂದಿನ ಕವಿಗಳ ಬಳಕೆಗೂ ಬಿರುದುಗಳಿಗೂ ಅದರಲ್ಲಿ ರಿಯಾಯಿತಿ ಕೊಟ್ಟಿದ್ದಾನೆ, ಇಂದಿನ ಲೇಖಕರಿಗೆ ಆ ರಿಯಾಯಿತಿ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ವ್ಯಾಕರಣ ಬಲ್ಲವರು ಹೇಳಲಿ. ‘ಹೊಸ’ ಎಂಬ ಪದದ ಕಡೆಗೆ ನನ್ನ ಒಲವು. ‘ಹೊಸಗನ್ನಡ’ ಎಂದಾಗ ಹಳಗನ್ನಡವೂ ನಡುಗನ್ನಡವೂ ಅದರ ಬೆನ್ನಿಗೇ ನೆನಪಾಗುವಂತೆ, ‘ಹೊಸ ನ್ವಾರ್’ ಎಂದಾಗ ನಲವತ್ತರ ದಶಕದ ಹಳೆಯ ನ್ವಾರ್ ನೆನಪಾಗಬೇಕು. ಆ ನೆನಪಿಲ್ಲದೆ ಹೊಸದಕ್ಕೆ ಅರ್ಥವೇ ಇಲ್ಲ.

‘ಡಿಟೆಕ್ಟಿವ್’ಗೆ ‘ಪತ್ತೇದಾರ’ ಎಂಬುದು ಗಟ್ಟಿಯಾಗಿ ನೆಲೆನಿಂತ ಪದ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಬೇರೆ ಪದ ರುಚಿಸುವುದೂ ಇಲ್ಲ. ‘ಗೂಢಚಾರ’ನೂ ‘ಬೇಹುಗಾರ’ನೂ ರಾಜ್ಯದ ಕೆಲಸದವರು. ಅರಸನನ್ನು ‘ಚಾರಚಕ್ಷು’ ಎಂದಿದ್ದಾರಲ್ಲ, ಆ ಮಾತಿನಲ್ಲಿ ಚಾರರು ಅರಸನ ಕಣ್ಣುಗಳು. ಖಾಸಗಿ ಪತ್ತೇದಾರನನ್ನು ಆಡುಮಾತಿನಲ್ಲಿ ಕರೆಯುವ ಇಂಗ್ಲಿಷಿನ ‘ಪ್ರೈವೇಟ್ ಐ’ಯಲ್ಲಿಯೂ ಕಣ್ಣೇ ಇದೆ. 1850ರಲ್ಲಿ ಶಿಕಾಗೋದಲ್ಲಿ ಆರಂಭವಾದ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯು ತೆರೆದ ಕಣ್ಣನ್ನೇ ತನ್ನ ಲಾಂಛನ ಮಾಡಿಕೊಂಡಿತ್ತು. ಆದರೆ ಆ ಕಣ್ಣು ಅರಸನದ್ದಲ್ಲ, ಹಣ ಕೊಟ್ಟವರದ್ದು. ‘ಬಾಡಿಗೆಯ ಕಣ್ಣು’ ಎಂದು ಒಮ್ಮೆ ಬರೆದು, ಅದು ತೀರ್ಪು ಕೊಟ್ಟಂತಾಯಿತೆಂದು ಹೊಡೆದುಹಾಕಿದೆ.

‘ಪತ್ತೇದಾರ’ದ ಬಗ್ಗೆ ನನ್ನ ಅನುಮಾನ ಇಷ್ಟೇ: ಆ ಪದದಲ್ಲಿ ‘ಪತ್ತೆ’ ಮುಂಚಿತವಾಗಿಯೇ ಅವನ ಕೈಯಲ್ಲಿದೆ. ಜಮೀನಿದ್ದವನು ಜಮೀನ್ದಾರನಾದಂತೆ, ಪತ್ತೆ ಇದ್ದವನು ಪತ್ತೇದಾರ. ಮೋಸ್ಬಿಗೂ ಪತ್ತೆಹಚ್ಚುವುದು ಕಷ್ಟವಲ್ಲ. ಒಬ್ಬ ಹಳೆಯ ನಟಿಯ ಮಗಳು ನಾಪತ್ತೆಯಾಗಿದ್ದಾಳೆ, ಅವಳನ್ನು ಅವನು ಚಿತ್ರ ಅರ್ಧ ಮುಗಿಯುವ ಮೊದಲೇ ಪತ್ತೆ ಮಾಡುತ್ತಾನೆ. ಬಾಲ್ಯದಲ್ಲಿ ತನ್ನನ್ನು ತೊರೆದುಹೋದ ತಂದೆಯನ್ನೂ ಅವನು ಹಿಂದೊಮ್ಮೆ ಪತ್ತೆ ಮಾಡಿದ್ದ. ಆದರೆ ಉದ್ಯಾನದ ಬೆಂಚಿನ ಮೇಲೆ ಕುಳಿತಿದ್ದ ಆ ಮುದುಕನನ್ನು ದೂರದಿಂದ ನೋಡಿ, ಮಾತಾಡಿಸದೆ ಹಿಂದಿರುಗಿದ್ದ. ‘ಪತ್ತೆ’ಗೂ ‘ಭೇಟಿ’ಗೂ ನಡುವೆ ಇಷ್ಟು ದೂರವಿರುವುದನ್ನು ಈ ಪ್ರಸಂಗ ನೋಡುವವರೆಗೂ ನಾನು ಯೋಚಿಸಿರಲಿಲ್ಲ.

‘ಪ್ರೈವೇಟ್’ಗೆ ‘ಖಾಸಗಿ’ ಎಂಬ ಪದದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ‘ಖಾಸಗಿ ಸಂಸ್ಥೆ’ ಎಂದಾಗ ಸರ್ಕಾರದ್ದಲ್ಲ ಎಂಬ ಅರ್ಥ, ‘ಖಾಸಗಿ ವಿಚಾರ’ ಎಂದಾಗ ಹೊರಗಿನವರಿಗೆ ಸಂಬಂಧಿಸದ್ದು ಎಂಬ ಅರ್ಥ. ಮೋಸ್ಬಿ ಎರಡೂ ಅರ್ಥದಲ್ಲಿ ಖಾಸಗಿ ಪತ್ತೇದಾರ. ಸಿನಿಮಾ ಮಂದಿರದ ಹೊರಗೆ ತನ್ನ ಹೆಂಡತಿ ಇನ್ನೊಬ್ಬನ ಜೊತೆಗಿರುವುದನ್ನು ಆಕಸ್ಮಿಕವಾಗಿ ಕಂಡಾಗ ಅವನು ಎದುರು ಹೋಗಿ ಕೇಳುವುದಿಲ್ಲ, ಅವರ ಜಾಡು ಹಿಡಿಯುತ್ತಾನೆ. ಕಸುಬು ಅವನ ಖಾಸಗಿ ಬದುಕಿನೊಳಕ್ಕೆ ನುಗ್ಗುವ ಆ ಗಳಿಗೆಯನ್ನು ಈ ಒಂದು ಪದ ಹಿಡಿದುಕೊಡುತ್ತದೆ.

ಇನ್ನು ನಿಜವಾದ ಕಗ್ಗಂಟು, ‘ಟ್ರಬಲ್ಡ್’. ‘ತೊಂದರೆಗೊಳಗಾದ’ ಎಂದರೆ ಬಸ್ಸು ತಪ್ಪಿಸಿಕೊಂಡವನಿಗೂ ಹೊಂದುತ್ತದೆ. ‘ನೊಂದ’ ಎಂದರೆ ಪೂರ್ತಿ ಸಹಾನುಭೂತಿ, ಅವನ ತಪ್ಪುಗಳಿಗೆ ಅದರಲ್ಲಿ ಜಾಗವಿಲ್ಲ. ‘ಬೆಂದ’ ಎಂಬುದನ್ನು ಪರಿಶೀಲಿಸಿದ್ದೇಕೆಂದರೆ ಹಳೆಯ ಮಾದರಿಯ ಪತ್ತೇದಾರರನ್ನು ಇಂಗ್ಲಿಷಿನಲ್ಲಿ ‘ಹಾರ್ಡ್-ಬಾಯಿಲ್ಡ್’, ಅಂದರೆ ಬೆಂದು ಗಟ್ಟಿಯಾದವರು ಎನ್ನುತ್ತಾರೆ. ಕನ್ನಡದಲ್ಲಿ ಬೇಯುವುದು ಗಟ್ಟಿಯಾಗುವುದಲ್ಲ, ಮಾಗುವುದು. ‘ಬೆಂದರೆ ಬೇಂದ್ರೆ’ ಎಂಬ ಮಾತೇ ಅದಕ್ಕೆ ಸಾಕ್ಷಿ. ಹಾಗಾಗಿ ಅದೂ ಸಲ್ಲದು. ‘ಕಂಗೆಟ್ಟ’ ಹತ್ತಿರ ಬರುತ್ತದೆ, ಕಣ್ಣು ಕೆಟ್ಟ ಎಂಬ ಮೂಲಾರ್ಥವೂ ಪತ್ತೇದಾರನಿಗೆ ಒಪ್ಪುತ್ತದೆ, ಆದರೆ ಬಳಕೆಯಲ್ಲಿ ಅದು ದಿಕ್ಕು ತೋಚದ ಗಾಬರಿಯಾಗಿದೆ. ಮೋಸ್ಬಿ ಗಾಬರಿಗೊಳ್ಳುವವನಲ್ಲ.

ಆಗ ‘ಟ್ರಬಲ್’ ಪದದ ಬೇರನ್ನು ಹುಡುಕಿದೆ. ಅದು ಫ್ರೆಂಚಿನ ಮೂಲಕ ಲ್ಯಾಟಿನ್ನಿಂದ ಬಂದದ್ದು, ಮೂಲದಲ್ಲಿ ನೀರು ಬಗ್ಗಡವಾಗುವುದಕ್ಕೆ ಸಂಬಂಧಿಸಿದ್ದು. ಹಾಗಿದ್ದರೆ ಕನ್ನಡದಲ್ಲಿ ಅದೇ ಚಿತ್ರವಿರುವ ‘ಕದಡು’ ಎಂಬ ಧಾತು ನಮ್ಮ ಬಳಿಯೇ ಇದೆಯಲ್ಲ! ನಾಗಚಂದ್ರನು ರಾವಣನ ಮನಸ್ಸು ಬದಲಾದುದನ್ನು ‘ಕದಡಿದ ಸಲಿಲಂ ತಿಳಿವಂದದೆ’ ಎಂದು ಹೇಳಿದಾಗ, ಕದಡಿದ ನೀರು ತನ್ನಿಂದ ತಾನೇ ತಿಳಿಯಾಗುವಂತೆ ಅವನಿಗೆ ವೈರಾಗ್ಯ ಬಂತು ಎಂಬುದು ತಾತ್ಪರ್ಯ. ಅಲ್ಲಿನ ‘ತಿಳಿ’ ಎಂಬ ಧಾತುವಿನ ಮೇಲೆ ನನ್ನ ಪೂರ್ತಿ ವಾದ ನಿಂತಿದೆ. ಕನ್ನಡದಲ್ಲಿ ನೀರು ನಿರ್ಮಲವಾಗುವುದಕ್ಕೂ ‘ತಿಳಿ’, ವಿಷಯ ಅರಿವಾಗುವುದಕ್ಕೂ ‘ತಿಳಿ’. ಹಳೆಯ ಪತ್ತೇದಾರಿ ಕಥೆಯಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತವೆ: ಕೊಲೆಗಾರ ಯಾರೆಂದು ತಿಳಿದ ಕೂಡಲೇ ಕದಡಿದ ಲೋಕವೂ ತಿಳಿಯಾಗುತ್ತದೆ. ಹೊಸ ನ್ವಾರ್‌ನಲ್ಲಿ ಇವೆರಡೂ ಬೇರೆಯಾಗುತ್ತವೆ. ಪತ್ತೇದಾರನಿಗೆ ತಿಳಿಯುತ್ತದೆ, ಆದರೆ ಏನೂ ತಿಳಿಯಾಗುವುದಿಲ್ಲ. ತನ್ನ ಹುಡುಕಾಟದಿಂದಲೇ ಅವನು ನೀರನ್ನು ಇನ್ನಷ್ಟು ಕದಡುತ್ತಾನೆ. ಇಂಗ್ಲಿಷಿನ ‘ಟ್ರಬಲ್ಡ್’ ತನ್ನ ನೀರನ್ನು ಎಂದೋ ಮರೆತಿದೆ, ಕನ್ನಡದ ‘ಕದಡಿದ’ ಇನ್ನೂ ಮರೆತಿಲ್ಲ.

‘ಕಲಕಿದ’ ಎನ್ನಬಾರದೇಕೆ ಎಂದು ಕೆಲವರು ಕೇಳಬಹುದು. ‘ಮನ ಕಲಕುವ ಘಟನೆ’ ಎಂದು ಸುದ್ದಿಗಳಲ್ಲಿ ದಿನವೂ ಓದಿ ಆ ಪದ ಸವೆದಿದೆ. ‘ರಾಡಿ’ಯಲ್ಲಿ ಹೊಲಸಿನ ಛಾಯೆ ಇದೆ. ‘ಕದಡು’ವಿನಲ್ಲಿ ಮಾತ್ರ ನೀರು ಕೆಟ್ಟದ್ದೆಂಬ ಸೂಚನೆಯಿಲ್ಲ, ತಳದಲ್ಲಿ ಇದ್ದದ್ದು ಮೇಲಕ್ಕೆ ಬಂದಿದೆ ಎಂಬುದಷ್ಟೇ ಇದೆ.

ಚಿತ್ರದ ಹೆಸರಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನಲ್ಲಿ ಇರುಳಿಗೂ ಚದುರಂಗದ ಕುದುರೆಗೂ ‘ನೈಟ್’ ಎಂಬ ಒಂದೇ ಉಚ್ಚಾರಣೆ. ಮೋಸ್ಬಿ 1922ರ ಒಂದು ಆಟವನ್ನು ಪುಟ್ಟ ಹಲಗೆಯ ಮೇಲೆ ಆಡಿ ತೋರಿಸುತ್ತಾನೆ. ಅದರಲ್ಲಿ ಕಪ್ಪು ಕಾಯಿಯವನು ರಾಣಿಯನ್ನು, ನಮ್ಮ ಹಳೆಯ ರೂಢಿಯಂತೆ ಹೇಳುವುದಾದರೆ ಮಂತ್ರಿಯನ್ನು, ಬಲಿಕೊಟ್ಟು ಮೂರೇ ಕುದುರೆ ನಡೆಗಳಲ್ಲಿ ಗೆಲ್ಲಬಹುದಿತ್ತು, ಅದನ್ನು ಕಾಣದೆ ಸೋತ. ಶ್ಲೇಷೆ ಕನ್ನಡಕ್ಕೆ ಬಾರದು, ಆದರೆ ‘ನಡೆ’ ಎಂಬ ಪದದಲ್ಲಿ ಆಟದ ಹೆಜ್ಜೆಯೂ ಮನುಷ್ಯನ ನಡತೆಯೂ ಸೇರಿರುವುದರಿಂದ ನಷ್ಟ ಸ್ವಲ್ಪ ತುಂಬಿಬರುತ್ತದೆ. ಹೆಸರನ್ನು ಅನುವಾದಿಸದೆ, ಈ ವಿವರಣೆಯನ್ನು ಲೇಖನದೊಳಗೆ ಕೊಡಬೇಕೆಂದಿದ್ದೇನೆ.

ಸದ್ಯಕ್ಕೆ ನನ್ನ ಸಾಲು ಹೀಗಿದೆ: ‘ಕದಡಿದ ಖಾಸಗಿ ಪತ್ತೇದಾರನೊಬ್ಬನ ಸುತ್ತ ನಡೆಯುವ ಹೊಸ ನ್ವಾರ್ ಅಪರಾಧ ಚಿತ್ರ.’ ಇಲ್ಲಿ ನನ್ನ ಮುಖ್ಯ ಪ್ರಶ್ನೆ ವ್ಯಾಕರಣದ್ದು. ‘ಕದಡು’ ಸಕರ್ಮಕವಾಗಿಯೂ ಅಕರ್ಮಕವಾಗಿಯೂ ಬಳಕೆಯಲ್ಲಿರುವುದರಿಂದ ‘ಕದಡಿದ ಪತ್ತೇದಾರ’ ಎಂದರೆ ತಾನೇ ಕದಡಿಹೋದವನು ಎಂಬ ಅರ್ಥವೂ ಬರುತ್ತದೆ, ಏನನ್ನೋ ಕದಡಿದವನು ಎಂಬ ಅರ್ಥವೂ ಬರುತ್ತದೆ. ಈ ಎರಡರ್ಥ ನನಗೆ ಬೇಕಾದದ್ದೇ, ಆದರೆ ಓದುವವರಿಗೆ ಅದು ಬರವಣಿಗೆಯ ತೊಡಕಾಗಿ ಕಾಣುವುದಾದರೆ ‘ಮನಸ್ಸು ಕದಡಿದ’ ಎಂದು ಬಿಡಿಸಿ ಬರೆಯಬೇಕಾದೀತು. ಎರಡರಲ್ಲಿ ಯಾವುದು ಮೇಲೆಂದು ತಿಳಿಸಿ. ವ್ಯಕ್ತಿಗೇ ನೇರವಾಗಿ ‘ಕದಡಿದ’ ಎಂಬ ವಿಶೇಷಣ ಹಚ್ಚಿದ ಹಳೆಯ ಅಥವಾ ಹೊಸ ಪ್ರಯೋಗಗಳು ಯಾರಿಗಾದರೂ ನೆನಪಿದ್ದರೆ ಅವೂ ಬೇಕು.

ಜೊತೆಗೆ ಕೊನೆಯ ದೃಶ್ಯದ ಒಂದು ವಾಕ್ಯ. ಗಾಯಗೊಂಡ ಮೋಸ್ಬಿ ದೋಣಿಯ ಗಾಜಿನ ತಳದ ಮೂಲಕ ಕೆಳಗೆ ನೋಡುತ್ತಾನೆ, ಮುಳುಗುತ್ತಿರುವ ವಿಮಾನದಲ್ಲಿ ತನಗೆ ಗೊತ್ತಿರುವ ಒಂದು ಮುಖ ಕಾಣುತ್ತದೆ. ಅಲ್ಲಿ ‘ಅವನಿಗೆ ಎಲ್ಲವೂ ತಿಳಿಯಿತು’ ಎಂದು ಬರೆದಿದ್ದೆ. ಈಗ ‘ತಿಳಿಯಿತು’ ತೆಗೆದು ‘ಕಂಡಿತು’ ಎಂದು ತಿದ್ದಿದ್ದೇನೆ. ಈ ತಿದ್ದುಪಡಿ ಸರಿಯೇ?