ಅಪ್‌ಡೇಟ್: ಮಗಳು ಈಗ ಟ್ರೇಲರ್ ಬೈಕ್ ಮೇಲೆ ಕೂರುತ್ತಾಳೆ!

ಮಗಳು ಟ್ರೇಲರ್ ಬೈಕ್ ಮೇಲೆ ಹೆದರದೆ ಕೂರೋಕೆ ಏನು ಮಾಡಬೇಕು ಅಂತ ಹತ್ತು ದಿನದ ಹಿಂದೆ ಇಲ್ಲಿ ಕೇಳಿದ್ದೆ. ನಾವಿರುವುದು ಮ್ಯೂನಿಕ್‌ನಲ್ಲಿ, ಮಗಳಿಗೆ ನಾಲ್ಕೂವರೆ. ಎರಡು ಚಕ್ರದ ಡಬ್ಬಿಯಂಥ ಟ್ರೇಲರ್‌ನಲ್ಲಿ ಅವಳ ಮೊಣಕಾಲು ಮಡಚಲೂ ಜಾಗ ಸಾಲುತ್ತಿರಲಿಲ್ಲ. ನನ್ನ ಸೈಕಲ್ ಹಿಂದೆ ಸಿಕ್ಕಿಸುವ ಒಂಟಿ ಚಕ್ರದ, ಮಗುವೂ ಪೆಡಲ್ ತುಳಿಯುವ ಟ್ರೇಲರ್ ಬೈಕ್ ತಂದೆವು. ಅದು ವಾಲಾಡುತ್ತಿತ್ತು, ಅವಳು ಹೆದರಿ ಅಳುತ್ತಿದ್ದಳು.

ನಿಜವಾಗಿ ಕೆಲಸಕ್ಕೆ ಬಂದಿದ್ದು "ಸೀಟಿನ ಕೆಳಗಿನ ಹಿಡಿ ನೋಡಿ" ಅಂದವರ ಮಾತು. ಟ್ರೇಲರ್ ಬೈಕನ್ನು ನನ್ನ ಸೀಟ್ ಕಂಬಕ್ಕೆ ಸಿಕ್ಕಿಸುವ ಹಿಡಿ ಅದು. ನನ್ನ ಸೀಟ್ ಕಂಬ 27.2 ಮಿಮೀ. ಹಿಡಿಯೊಳಗೆ ಹಾಕಿದ್ದ ಪ್ಲಾಸ್ಟಿಕ್ ಬಳೆ ಬೇರೆ ಅಳತೆಯದು! ಕೈಯಲ್ಲಿ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಸರಿಯಾದ ಬಳೆ ಹಾಕಿ ಬಿಗಿ ಮಾಡಿದ ಮೇಲೆ ಮುಕ್ಕಾಲು ಪಾಲು ವಾಲಾಟ ಹೋಯಿತು. ಹೇಳಿದವರಿಗೆ ತುಂಬಾ ಥ್ಯಾಂಕ್ಸ್.

ಕೆಲವರು ಹೇಳಿದ ಹಾಗೆ ಮಿಠಾಯಿ ಆಸೆ ತೋರಿಸಿದ್ದು ಎರಡೇ ದಿನ ನಡೆಯಿತು. ಮೊದಲ ದಿನವೇ ಶಿಶುವಿಹಾರದ ತನಕ ಹೋಗಿ ಅಂದಿದ್ದೂ ನಮಗೆ ಆಗಲಿಲ್ಲ. ಇಸಾರ್ ನದಿ ಪಕ್ಕದ ದಾರಿಯಲ್ಲಿ ದಿನಾ ಹತ್ತು ನಿಮಿಷ, ಅಷ್ಟೇ ಸಾಕಾಯಿತು.

ಗೊತ್ತಿಲ್ಲದ್ದು ಒಂದಿತ್ತು. ಅವಳು ಬಾತುಕೋಳಿ ನೋಡೋಕೆ ಸ್ವಲ್ಪ ವಾಲಿದರೂ ನನ್ನ ಹ್ಯಾಂಡಲ್‌ಗೆ ತಿಳಿಯುತ್ತದೆ. ತಿರುವಿನಲ್ಲಿ ನಿಧಾನ, ಅಗಲವಾಗಿ ಹೋಗಬೇಕು. ಮಳೆಯಲ್ಲಿ ನನ್ನ ಹಿಂದಿನ ಚಕ್ರದ ಕೆಸರು ನೇರ ಅವಳ ಮುಖಕ್ಕೇ. ಉದ್ದನೆಯ ಮಡ್‌ಗಾರ್ಡ್ ಹಾಕಿಸಿದೆ.

ಹಳೇ ಟ್ರೇಲರ್ ಮಾರಿಲ್ಲ. ಸಂಜೆ ಅವಳಿಗೆ ನಿದ್ದೆ ಬರುತ್ತೆ, ಅದರಲ್ಲಿ ಸೀಟ್ ಬೆಲ್ಟ್ ಇದೆ, ಟ್ರೇಲರ್ ಬೈಕ್‌ನಲ್ಲಿ ಇಲ್ಲ ಅಲ್ವಾ. ನಿನ್ನೆ ಏರಿನಲ್ಲಿ ಹಿಂದಿನಿಂದ ಕೂಗಿದಳು: "ಅಮ್ಮಾ, ನಾನೇ ತಳ್ತಿದ್ದೀನಿ!" ನಿಜವಾಗಲೂ ತಳ್ಳುತ್ತಿದ್ದಳು.